ಕಾಲು ಮೈಲಿಗೆ ಒಂದು ಇಂಜಿನ್

ಇದರೊಳಗಿನ ಒಂದೊಂದು ಮಾತೂ ಖರೇ. ಬೇಕಾದರೆ ನಮ್ಮ ಮನೆಯ ರೊಟ್ಟಿ ಹಂಚಿನ ಮೇಲೆ ಅಂಗೈ ಊರಿ ಆಣೆ ಮಾಡುತ್ತೇನೆ. ಹಂಚು ಆರಿರಬೇಕು, ಅಷ್ಟೇ.

ಇಂಥ ಭಾನಗಡಿಗಳು ನನ್ನನ್ನೇ ಯಾಕೆ ಹುಡುಕಿಕೊಂಡು ಬರುತ್ತವೋ ದೇವರೇ ಬಲ್ಲ. ಒಂದು ಮುಗಿಯಿತು ಎಂದು ಚಪ್ಪಲಿ ಬಿಡುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ. ಮೂವತ್ತೊಂದು ವರ್ಷ ಧಾರವಾಡದಲ್ಲಿ ಐಟಿಐ ಮಾಸ್ತರನಾಗಿ ಮೋಟಾರು ವಿದ್ಯೆ ಕಲಿಸಿದವನು ನಾನು. ಖಡೂ ಹಿಡಿದು ಬೋರ್ಡಿನ ಮೇಲೆ ನಾನು ಬಿಡಿಸಿದ ಇಂಜಿನ್ನುಗಳನ್ನು ಸಾಲಾಗಿ ನಿಲ್ಲಿಸಿದರೆ ಧಾರವಾಡದಿಂದ ಹುಬ್ಬಳ್ಳಿ ಮುಟ್ಟಿ, ಒಂದೆರಡು ಉಳಿದಾವು. ಅವುಗಳಲ್ಲಿ ಒಂದೂ ಕೆಟ್ಟು ನಿಂತ ಉದಾಹರಣೆ ಇಲ್ಲ. ಒಂದೂ ಚಾಲೂ ಆದ ಉದಾಹರಣೆಯೂ ಇಲ್ಲ, ಅದು ಬೇರೆ ಮಾತು.

ನಿವೃತ್ತಿಯಾದ ಮೇಲೆ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಪೇಪರು ಓದುವಾಗಲೂ ಮೊಣಕಾಲು ತಾನೇ ಕುಣಿಯುತ್ತದೆ. ನಮ್ಮ ಮನೆಯಾಕೆ ಹೇಳುತ್ತಾಳೆ: "ನಿಮಗ ಕುಂದ್ರು ಅನ್ನೂದಕ್ಕಿಂತ ಬೀಸೂಕಲ್ಲಿಗೆ ನಿಂದ್ರು ಅನ್ನೂದು ಹಗರ." ಹೀಗೆ ಒಳಗೊಳಗೇ ತಿರುಗುತ್ತಿದ್ದವನಿಗೆ ಅಕ್ಕನ ಮಗಳಿಂದ ಫೋನು ಬಂತು. "ಮಾಮಾ, ಲಗೂ ಹುಬ್ಬಳ್ಳಿಗೆ ಬಾ. ಇಂಜಿನ್ ಆರಸೂದೈತಿ." ನಾನು ಒಂದೇ ಚಪ್ಪಲಿ ಹಾಕಿಕೊಂಡು ಬಸ್ಸು ಹತ್ತಿದೆ. ಇನ್ನೊಂದು ಕೈಯಲ್ಲಿತ್ತು.

ಅಕ್ಕನ ಶರತ್ತು

ಅಕ್ಕನ ಮನೆ ಹಳೇ ಹುಬ್ಬಳ್ಳಿಯ ಒಂದು ಓಣಿಯ ಕಟ್ಟಕಡೆಗೆ. ಓಣಿ ಎಷ್ಟು ಇಕ್ಕಟ್ಟೆಂದರೆ ಎದುರುಬದುರಿನ ಮನೆಯವರು ತಮ್ಮ ತಮ್ಮ ಕಟ್ಟೆಯ ಮೇಲೆ ಕೂತೇ ಒಬ್ಬರ ಬಶಿಯ ಚಹಾ ಇನ್ನೊಬ್ಬರು ಕುಡಿಯಬಹುದು. ಕಾರು ಒಳಗೆ ಹೋಗುತ್ತದೆ, ತಿರುಗುವುದಿಲ್ಲ. ಹೊರಗೆ ಬರಬೇಕಾದರೆ ಓಣಿಯುದ್ದಕ್ಕೂ ಹಿಂದಕ್ಕೇ ಬರಬೇಕು.

ನಮ್ಮ ಭಾವ ತಮ್ಮ ಸಣ್ಣ ಕಾರನ್ನು ವರ್ಷಗಟ್ಟಲೆ ಹಾಗೇ ಹೊರಗೆ ತಂದರು. ಅದಕ್ಕೆ ಒಂದು ರಿವರ್ಸ್ ಹಾರ್ನು ಕೂಡಿಸಿದ್ದರು. ಹಿಂದಕ್ಕೆ ಹೊರಟ ಕೂಡಲೇ ಟಿಣಿಟಿಣಿ ಎಂದು ಒಂದು ರಾಗ ಸುರುವಾಗುತ್ತಿತ್ತು. ಆ ರಾಗಕ್ಕೆ ಓಣಿಯ ಕೋಳಿಗಳು ಕಟ್ಟೆ ಹತ್ತುತ್ತಿದ್ದವು, ಹೆಂಗಸರು ಕೊಡ ಸರಿಸುತ್ತಿದ್ದರು, ನಮ್ಮಕ್ಕ ಊಟದ ಡಬ್ಬಿ ಹಿಡಿದು ಓಡಿ ಬರುತ್ತಿದ್ದಳು. ಡಬ್ಬಿ ಮರೆಯುವುದು ಭಾವನ ನಿತ್ಯ ನೇಮ. ಮಗಳಿಗೆ ಡ್ರೈವಿಂಗ್ ಕಲಿಸಿದ್ದೂ ಅವರೇ. ಕಾರು ಮನೆ ಮುಂದೆ ನಿಂತಿತ್ತಲ್ಲ, ಆದ್ದರಿಂದ ಮೊದಲ ಪಾಠವೇ ರಿವರ್ಸು. "ಹಿಂದಕ್ಕ ಬರೂದು ಕಲಿ. ಮುಂದ ಹೋಗೂದು ಯಾರರ ಕಲಸ್ತಾರ" ಎನ್ನುತ್ತಿದ್ದರು. ಹುಡುಗಿ ಹದಿನೈದು ದಿನ ಹಿಂದಕ್ಕೇ ಓಡಿಸಿದ ಮೇಲೆ ಮೂರನೇ ಗೇರಿನ ಮುಖ ನೋಡಿದಳು.

ಭಾವ ತೀರಿಕೊಂಡು ಮೂರು ವರ್ಷ. ಕಾರು ಬಾಗಿಲಲ್ಲಿ ನಿಂತದ್ದು ನಿಂತೇ ಇತ್ತು. ಇಂಜಿನ್ನು ಜಾಮ್ ಆಗಿ, ಒಳಗೆ ಬೆಕ್ಕು ಎರಡು ಸಲ ಮರಿ ಹಾಕಿತ್ತು. ಅಕ್ಕ ದಿನಾ ಮುಂಜಾನೆ ಹಸಿ ಅರಿವೆಯಿಂದ ಅದನ್ನು ಒರೆಸುವಳು, ಮಾರುವ ಮಾತೆತ್ತಿದರೆ ಸಿಟ್ಟಿಗೇಳುವಳು, ಮರುಕ್ಷಣ "ಇದು ಕಣ್ಣ ಮುಂದ ಇರೂದ ಬ್ಯಾಡ" ಎನ್ನುವಳು.

ಮಗಳು ಈಗ ಅಮ್ಮಿನಬಾವಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಆಕೆಯ ತಲೆಯಲ್ಲಿ ಒಂದು ಹುಳ ಹೊಕ್ಕಿತ್ತು. ಹುಬ್ಬಳ್ಳಿಯ ಹೊರಗೆ ಹೊಸ ಲೇಔಟಿನ ನೆಟ್ಟನೆಯ ರಸ್ತೆಯಲ್ಲಿ, ಪರವಾನಿಗಿ ತೆಗೆದುಕೊಂಡು, ಎರಡನೇ ಶನಿವಾರ ಡ್ರ್ಯಾಗ್ ರೇಸ್ ಇಟ್ಟಿದ್ದರು. ನಿಂತ ಗಾಡಿ ಬಿಡಬೇಕು, ಕಾಲು ಮೈಲಿನ ಗೆರೆ ದಾಟಬೇಕು, ಮುಗಿಯಿತು. ತಿರುವಿಲ್ಲ, ಮುರುವಿಲ್ಲ. ಮನೆಯಲ್ಲೇ ಕಟ್ಟಿದ ಗಾಡಿಗಳಿಗೆ ಬೇರೆ ಪಂಗಡ. "ಅಪ್ಪಾನ ಗಾಡಿಗೆ ಬ್ಯಾರೆ ಇಂಜಿನ್ ಹಾಕಿ ಓಡಸ್ತೇನಿ" ಎಂದಳು.

ಅಕ್ಕ ಹಿಟ್ಟಿನ ಕೈ ತೊಳೆಯದೆ ಹೊರಗೆ ಬಂದು ಕಾರನ್ನು ನೋಡಿದಳು.

"ಒಂದೋ ಓಡಬೇಕು, ಒಂದೋ ಹೋಗಬೇಕು. ಹಿಂಗ ನಡುವ ನಿಂತದ್ದು ನೋಡಿ ನೋಡಿ ಸಾಕಾಗೈತಿ ನನಗ. ಆ ಗೆರಿ ದಾಟ್ತು, ಇಟ್ಕೊ. ದಾಟಲಿಲ್ಲಾ, ಅಲ್ಲಿಂದ ಸೀದಾ ಗುಜರಿಗೆ. ಮತ್ತ ಈ ಓಣ್ಯಾಗ ಅದು ಬರಬಾರದು."

ಹುಡುಗಿಯ ಮುಖ ಸಣ್ಣದಾಯಿತು. ನಾನು ಎದೆ ಮುಂದೆ ಮಾಡಿ ಹೇಳಿದೆ: "ಅಕ್ಕಾ, ಚಿಂತಿ ಬಿಡು. ಇಂಜಿನ್ ಆರಸೂದು, ಗೇರ್ ಬಾಕ್ಸ್ ಆರಸೂದು ಎಲ್ಲಾ ನನ್ನ ಮ್ಯಾಲೆ."

ಅಕ್ಕ ಒಳಗೆ ಹೋಗುತ್ತ ಅಂದಳು: "ಹಂಗಾರ ಗುಜರಿಯಾಂವಗ ಇವತ್ತ ಫೋನ್ ಮಾಡಿ ಇಡ್ತೇನಿ."

ದೊಡ್ಡ ಇಂಜಿನ್ನು

ಓಣಿಯ ಬಾಯಿಗೆ ಒಬ್ಬ ಮಿಸ್ತ್ರಿಯ ಶೆಡ್ಡಿದೆ. ಭಾವನ ಕಾರನ್ನು ಮೊದಲಿನಿಂದ ನೋಡಿಕೊಂಡು ಬಂದವನು ಅವನೇ. ನಮ್ಮ ಹುಡುಗಿ ಅವನಿಗೆ ಚಾಚಾ ಎನ್ನುತ್ತಾಳೆ, ಅವನು ಆಕೆಗೆ ಬೇಟಾ ಎನ್ನುತ್ತಾನೆ, ನನಗೆ ಮಾಸ್ತರ್ ಎನ್ನುತ್ತಾನೆ. ನಾನು ಹೇಳಿದ್ದನ್ನೆಲ್ಲ ತಲೆ ಅಲ್ಲಾಡಿಸಿ ಕೇಳಿ, ತನಗೆ ತಿಳಿದದ್ದನ್ನು ಮಾಡುತ್ತಾನೆ.

"ಮಾಸ್ತರ್ರ, ಇಂಜಿನ್ ಹುಡಕೂದಂದ್ರ ಕನ್ಯಾ ನೋಡಿದಂಗರಿ. ಕನ್ಯಾ ಒಂದು ಛಲೋ ಇದ್ರ ಆಗಂಗಿಲ್ಲ. ಬೀಗರೂ ಹೊಂದಬೇಕು."

"ಬೀಗರು ಅಂದ್ರ ಯಾರೋ?"

"ಗೇರ್ ಬಾಕ್ಸ್‌ರಿ. ಇಂಜಿನ್ ಎಷ್ಟರ ಜೋರಿರಲಿ, ಬೀಗರು ಸರಿ ಇಲ್ಲಂದ್ರ ಸಂಸಾರ ರಸ್ತೆದಾಗ."

ನಾನು ನಕ್ಕೆ. ಮೂವತ್ತೊಂದು ವರ್ಷ ಹುಡುಗರಿಗೆ ಹೇಳಿದ್ದೇನೆ, ತಾಕತ್ತು ಬೇಕಾದರೆ ದೊಡ್ಡ ಇಂಜಿನ್ನು ಬೇಕು ಎಂದು. ನನ್ನ ಹಟಕ್ಕೆ ಮಿಸ್ತ್ರಿ ಎಲ್ಲಿಂದಲೋ ಒಂದು ಲಾರಿಯ ಡೀಸೆಲ್ ಇಂಜಿನ್ನು ತರಿಸಿದ. ಅಳತೆ ನೋಡಲೆಂದು ಅದನ್ನು ಸರಪಳಿಯಲ್ಲಿ ಎತ್ತಿ, ಹಳೇ ಇಂಜಿನ್ನು ತೆಗೆದಿದ್ದ ಕಾರಿನ ಮುಂದಿನ ಖಾಲಿ ಹೊಟ್ಟೆಯ ಮೇಲೆ ಮೆತ್ತಗೆ ಇಳಿಸಿದೆವು. ಇಳಿಸುತ್ತಿದ್ದ ಹಾಗೆ ಕಾರಿನ ಮೂತಿ ನೆಲಕ್ಕೆ ಹತ್ತಿತು. ಹಿಂದಿನ ಎರಡೂ ಗಾಲಿ ಸಾವಕಾಶ ಮೇಲೆದ್ದವು. ಒಳಗೆ ಮಲಗಿದ್ದ ಬೆಕ್ಕು ಹಿಂದಿನ ಸೀಟಿನಿಂದ ಮುಂದಿನ ಸೀಟಿಗೆ ಜಾರಿ ಬಂತು.

ಹುಡುಗಿ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ಮಾಮಾ, ತಾಕತ್ತು ಬೇಕು ಖರೇ. ಆದ್ರ ಆ ತಾಕತ್ತು ತನ್ನ ಭಾರ ತಾನ ಹೊತ್ತು ಸುಸ್ತಾದ್ರ ಏನು ಉಪಯೋಗ? ಗಾಡಿ ಹಗರ ಇರಬೇಕು, ಇಂಜಿನ್ನೂ ಹಗರ ಇರಬೇಕು."

"ಈ ಇಂಜಿನ್ ಕೂಡಿಸಿದ್ರ ಏನಾಗತೈತಿ ಅಂತೀ ಹಂಗಾರ?"

"ಏನಿಲ್ಲ. ಎಲ್ಲಾರ ಗಾಡಿ ಓಡ್ತಾವ, ನಮ್ಮದು ನಿಂತಲ್ಲೆ ದೀಡ ನಮಸ್ಕಾರ ಹಾಕತೈತಿ."

ಅಮ್ಮಿನಬಾವಿಯ ಸಲಹೆ

ದಿನ ಹತ್ತಿರ ಬರುತ್ತಿತ್ತು, ನನಗೆ ಊಟ ರುಚಿಸುತ್ತಿರಲಿಲ್ಲ. ಮುಂಜಾನೆ ಹುಬ್ಬಳ್ಳಿ, ಮಧ್ಯಾಹ್ನ ಧಾರವಾಡ, ಮತ್ತೆ ಸಂಜೆ ಹುಬ್ಬಳ್ಳಿ. ಬಸ್ಸಿನ ಕಂಡಕ್ಟರು ಒಮ್ಮೆ ಕೇಳಿಯೇ ಬಿಟ್ಟ: "ಯಜಮಾನ್ರ, ಏನರ ಕಳಕೊಂಡೀರೇನು?"

ಅಮ್ಮಿನಬಾವಿಯಲ್ಲಿ ನಮ್ಮ ಹುಡುಗಿಯ ಸಾಲೆಯ ಹತ್ತಿರದ ಒಬ್ಬ ರೈತನ ಹೊಲದಲ್ಲಿ ಹಗುರಾದ ಇಂಜಿನ್ನು ಇದೆ ಎಂದು ಸುದ್ದಿ ಬಂತು. ಮಾಮಾ-ಸೊಸೆ ಇಬ್ಬರೂ ಸಾಲೆ ಬಿಟ್ಟ ಮೇಲೆ ಹೋದೆವು. ಹೋಗಿ ನೋಡಿದರೆ ಅದು ನೀರೆತ್ತುವ ಪಂಪಿನ ಇಂಜಿನ್ನು. ರೈತ ಬಲು ಅಭಿಮಾನದಿಂದ ಅದರ ಬೆನ್ನು ಚಪ್ಪರಿಸಿ, "ಟೀಚರ್, ಅಷ್ಟು ಆಳದಿಂದ ನೀರು ಎತ್ತತೈತ್ರಿ ಇದು. ನಿಮ್ಮ ಕಾರು ಎತ್ತಂಗಿಲ್ಲೇನ್ರಿ?" ಎಂದ.

ನಾನು ಕನ್ನಡಕ ಏರಿಸಿ ಶಾಸ್ತ್ರೋಕ್ತವಾಗಿ ವಿವರಿಸಿದೆ. ನಿಂತಲ್ಲಿಂದ ಒಮ್ಮೆಲೇ ಜಿಗಿಯುವ ಶಕ್ತಿ ಬೇರೆ, ಒಂದೇ ಲಯದಲ್ಲಿ ದಿನಗಟ್ಟಲೆ ತಿರುಗುವ ಶಕ್ತಿ ಬೇರೆ ಎಂದೆ. ಅದೇ ರೈತನ ಎತ್ತಿನ ಉದಾಹರಣೆ ಕೊಟ್ಟೆ. ಅರ್ಧ ತಾಸು ಆಯಿತು. ರೈತ ಅಷ್ಟೂ ಹೊತ್ತು ಎಲೆ ಅಡಿಕೆ ಅಗಿಯುತ್ತ ಕೇಳಿದ.

ಕೊನೆಗೆ ಬಾಯಿಯೊಳಗಿನ ಎಲೆ ಉಗುಳಿ ಬಂದು ಕೇಳಿದ: "ಎಲ್ಲಾ ಬರೋಬರಿ ಐತ್ರಿ. ಎಷ್ಟು ದೂರ ಹೋಗೂದೈತಿ ನಿಮಗ?"

"ಕಾಲು ಮೈಲು."

"ಅಷ್ಟಕ್ಕ ಇಂಜಿನ್ ಯಾಕ್ರಿ? ನೀವು ಈಗ ಮಾತಾಡೂದ್ರಾಗ ನಡಕೊಂತ ಹೋಗಿ ಬರಬಹುದಿತ್ತಲ್ರಿ."

ಬೀಗರ ಆಯ್ಕೆ

ಕನ್ಯೆ ಕೊನೆಗೆ ಶಿರಗುಪ್ಪಿಯಲ್ಲಿ ಸಿಕ್ಕಿತು. ಅಲ್ಲಿನ ನಮ್ಮ ಚರ್ಚಿನ ಸಭೆಯ ರೈತನೊಬ್ಬನ ಹಿತ್ತಿಲಲ್ಲಿ ಒಂದು ಸಣ್ಣ ಮಾಲು ಸಾಗಿಸುವ ಟೆಂಪೊ ತುಕ್ಕು ಹಿಡಿದು ಬಿದ್ದಿತ್ತು. ಮೈಯೆಲ್ಲ ತಿಂದುಹೋಗಿದ್ದರೂ ಹಿಂಬದಿಯಲ್ಲಿದ್ದ ಇಂಜಿನ್ನು ಗಟ್ಟಿ. ಹಗುರು, ಚುರುಕು, ಒಂದೇ ಹೊಡೆತಕ್ಕೆ ಚಾಲೂ.

ಹುಡುಗಿಗೆ ಅದು ಬಹಳ ಹಿಡಿಸಿತು. "ಮಾಮಾ, ಬಸ್ ಒಮ್ಮೆಲೆ ಬಿಟ್ಟಾಗ ನೀ ಹಿಂದಕ್ಕ ಜೋಲಿ ಹೊಡೀತೀ ಹೌದಿಲ್ಲೋ? ಗಾಡಿ ಜಿಗಿದಾಗ ಅದರ ಭಾರನೂ ಹಂಗ ಹಿಂದಿನ ಗಾಲಿ ಮ್ಯಾಲೆ ಬೀಳತೈತಿ. ಇಂಜಿನ್ನೂ ಅಲ್ಲೇ, ಓಡೂ ಗಾಲಿನೂ ಅಲ್ಲೇ ಇದ್ರ ಗಾಲಿ ಜಾರಂಗಿಲ್ಲ, ನೆಲಾ ಕಚ್ಚತಾವ. ಇದನ್ನ ಹಿಂದಿನ ಸೀಟಿನ ಜಾಗಾದಾಗ ಕುಂದ್ರಸೂಣು." ಧಾರವಾಡ-ಹುಬ್ಬಳ್ಳಿ ಬಸ್ಸಿನಲ್ಲಿ ನಿಂತು ಬಂದವನಿಗೆ ಈ ವಿಜ್ಞಾನ ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ಒಪ್ಪಿದೆ.

ಗೇರ್ ಬಾಕ್ಸಿನ ಮಾತು ಬಂದಾಗ ಮಾತ್ರ ಓಣಿಯೇ ಎರಡು ಪಕ್ಷವಾಯಿತು. ಆಟೊಮ್ಯಾಟಿಕ್ ಹಾಕಬೇಕೆಂದು ನಾನು. ಕೈಯಿಂದ ಗೇರು ಬದಲಿಸುವುದರಲ್ಲಿ ಕ್ಷಣ ಹಾಳು, ಅದು ತಾನೇ ಬದಲಿಸಿಕೊಳ್ಳುತ್ತದೆ ಎಂದೆ. ಅಂದು ನನ್ನ ಜೊತೆ ಬಂದಿದ್ದ ನಮ್ಮ ಮನೆಯಾಕೆ ಕೂಡ ನನ್ನ ಪಕ್ಷ ಸೇರಿದಳು. ಇದು ನಮ್ಮ ಲಗ್ನವಾದಾಗಿನಿಂದ ಎರಡನೇ ಸಲ. "ನನ್ನ ಸ್ಕೂಟಿಗೆ ಗೇರ್ ಅನ್ನೂದ ಇಲ್ಲ. ದಿನಾ ಮಾರ್ಕೆಟ್ ಮುಟ್ಟಿ ಬರತೈತಿ" ಎಂದಳು.

ಮಿಸ್ತ್ರಿ ಬೀಡಿ ಆರಿಸಿ ಎದ್ದು ನಿಂತ. "ಹಗರ ಗಾಡಿಗೆ ಭಾರದ ಬೀಗರು ಬ್ಯಾಡ್ರಿ ಮಾಸ್ತರ್ರ. ಅದರಾಗ ಅರ್ಧಾ ತಾಕತ್ತು ಎಣ್ಣಿ ಕಲಕೂದ್ರಾಗ ಹೋಗತೈತಿ. ಮತ್ತ ಹಳೇದು ತಂದ್ರ ಒಳಗ ಏನೈತಿ ಅಂತ ತಗದವಗೂ ಗೊತ್ತಾಗಂಗಿಲ್ಲ. ಈ ಇಂಜಿನ್ನಿನ ಜೋಡಿ ಅದರದ ನಾಕು ಗೇರಿನ ಡಬ್ಬಿ ಐತಿ. ಹುಟ್ಟಿದಾಗಿಂದ ಕೂಡಿ ಬಾಳ್ಯಾವ. ಯಾಕ ಬಿಡಸ್ತೀರಿ?"

"ಆದ್ರ ಆಟೊಮ್ಯಾಟಿಕ್ ಅಂದ್ರ ಎಲ್ಲಾ ತಾನ ಆಗತೈತೆಪಾ!"

"ಹೌದ್ರೀ. ಕೆಡೂದೂ ತಾನ ಕೆಡತೈತಿ. ರಿಪೇರಿ ಒಂದು ತಾನ ಆಗಂಗಿಲ್ಲ."

ದೇವರ ಗೇರ್ ಬಾಕ್ಸ್

ಇಂಜಿನ್ನು ಶನಿವಾರ ಬಂತು. ಗೇರ್ ಬಾಕ್ಸು ಬಿಚ್ಚಿ ತೊಳೆಯುವುದಿತ್ತು, ಹಿಂದೆ ಉಳಿಯಿತು. ಶಿರಗುಪ್ಪಿಯ ರೈತನಿಗೆ ಹೇಳಿದೆ: "ನಾಳೆ ಸುಗ್ಗಿ ಹಬ್ಬಕ್ಕ ಗುಡಿಗೆ ಬರ್ತೀಯಲ್ಲ, ಚೀಲದಾಗ ಹಾಕ್ಕೊಂಡು ಬಾ. ಅಲ್ಲಿಂದ ನಾ ಒಯ್ತೇನಿ."

ನಮ್ಮ ದೇವಾಲಯದ ಸುಗ್ಗಿ ಹಬ್ಬದ ಪದ್ಧತಿ ಹೀಗೆ: ಎಲ್ಲರೂ ತಮ್ಮ ಬೆಳೆಯ ಮೊದಲ ಪಾಲು ತರುತ್ತಾರೆ. ಜೋಳ, ಕಡಲೆ, ಕುಂಬಳಕಾಯಿ, ಜೀವಂತ ಹುಂಜ, ರೊಟ್ಟಿಯ ಗಂಟು. ಎಲ್ಲವನ್ನೂ ವೇದಿಕೆಯ ಮುಂದೆ ಇಡುತ್ತಾರೆ, ಪಾದ್ರಿ ಅಯ್ಯಗಳು ಪ್ರಾರ್ಥಿಸುತ್ತಾರೆ. ಆಮೇಲೆ ಅಂಗಳದಲ್ಲಿ ಲಿಲಾವು. ಒಮ್ಮೆ ವೇದಿಕೆಯ ಮುಂದೆ ಇಟ್ಟದ್ದು ದೇವರದ್ದು. ಇಟ್ಟವನಿಗೂ ಅದು ಬೇಕಾದರೆ ಸವಾಲು ಕೂಗಿಯೇ ಒಯ್ಯಬೇಕು.

ನಾನು ಬಸ್ಸು ತಪ್ಪಿಸಿಕೊಂಡು ಹೋಗುವಷ್ಟರಲ್ಲಿ ಪ್ರಾರ್ಥನೆ ನಡೆದಿತ್ತು. ಕಣ್ಣು ಮುಚ್ಚಿ ಕೈ ಜೋಡಿಸಿದೆ. ಆಮೆನ್ ಎಂದು ಕಣ್ಣು ತೆರೆದು ನೋಡುತ್ತೇನೆ, ಎರಡು ಕುಂಬಳಕಾಯಿಯ ನಡುವೆ ನನ್ನ ಗೇರ್ ಬಾಕ್ಸಿನ ಚೀಲ! ರೈತ ಟ್ರೈಲರಿನಲ್ಲಿದ್ದ ಚೀಲಗಳನ್ನೆಲ್ಲ ಒಂದೇ ಸಲಕ್ಕೆ ತಂದು ಇಟ್ಟುಬಿಟ್ಟಿದ್ದ.

ಸಭೆಯ ಹಿರಿಯರ ಹತ್ತಿರ ಓಡಿದೆ. ಲಿಲಾವು ಕೂಗುವವರು ಅವರೇ.

"ಹಿರ್ಯಾರ, ಅದು ನಂದ್ರಿ. ತಪ್ಪಿ ಬಂದೈತಿ."

"ದೇವರ ಮುಂದ ಇಟ್ಟದ್ದು ತಪ್ಪಿ ಬಂದೈತಿ ಅಂತೀರೇನು ಮಾಸ್ತರ್ರ? ಸವಾಲ್ ಹಾಕ್ರಿ."

ಚೀಲ ಎತ್ತಲು ಇಬ್ಬರು ಬೇಕಾಯಿತು. ಹಿರಿಯರು ಮುಟ್ಟಿ ನೋಡಿ, ಏನೆಂದು ಹೊಳೆಯದೆ, "ಒಂದು ಚೀಲ... ಗಟ್ಟಿ ಪದಾರ್ಥ!" ಎಂದು ಕೂಗಿದರು. ನಾನು ಕೈ ಎತ್ತಿದೆ. ಬೇರೆ ಯಾರಿಗೆ ಬೇಕು ಇದು ಎಂದು ನಿಶ್ಚಿಂತನಾಗಿದ್ದೆ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಕೈ ಎತ್ತಿದಳು.

ನಾನು ಏರಿಸಿದೆ. ಅಜ್ಜಿ ಏರಿಸಿದಳು. ನಾನು ಮತ್ತೆ ಏರಿಸಿದೆ. ಅಜ್ಜಿ ಸೆರಗು ಸರಿಮಾಡಿಕೊಂಡು ಮತ್ತೆ ಏರಿಸಿದಳು. ಜನ ಕುರ್ಚಿ ತಿರುಗಿಸಿ ಕೂತರು. ಹುಂಜಗಳಿಗೂ ಇಷ್ಟು ಜೋರಿನ ಸವಾಲು ನಡೆದಿರಲಿಲ್ಲ. ರೇಸಿಗೆ ಆರು ದಿನ ಉಳಿದಿದೆ, ಮಿಸ್ತ್ರಿ ಶೆಡ್ಡಿನಲ್ಲಿ ಕಾಯುತ್ತಿದ್ದಾನೆ, ನನ್ನ ಮೊಣಕಾಲು ಎರಡೂ ಕುಣಿಯುತ್ತಿವೆ. ಕೊನೆಗೆ ಅಜ್ಜಿಯ ಹತ್ತಿರ ಹೋಗಿ ಕೈ ಮುಗಿದೆ.

"ಯವ್ವಾ, ಅದು ರುಬ್ಬೂ ಕಲ್ಲಲ್ಲ. ಕಾರಿನ ಗೇರ್ ಬಾಕ್ಸ್. ನಿನಗೇನು ಮಾಡೂದು ಅದು?"

"ಅಯ್ಯ, ಅದನ್ನ ಯಾರು ಕೇಳ್ಯಾರೋ ತಮ್ಮಾ? ಒಳಗಿಂದು ನೀ ಒಯ್ಯಿ. ಎಷ್ಟು ಗಟ್ಟಿ ಚೀಲ ಐತಿ ನೋಡು, ಅಂಥಾ ಭಾರಕ್ಕ ಹರದಿಲ್ಲ. ನನಗ ಆ ಚೀಲ ಬೇಕಾಗಿತ್ತು."

ಗೋಡೆಯ ಮೇಲಿನ ಕಾರು

ಸೋಮವಾರದಿಂದ ಕೂಡಿಸುವ ಕೆಲಸ. ಕಾರು ಅಕ್ಕನ ಬಾಗಿಲಲ್ಲೇ ನಿಂತಿತ್ತು, ಯಾವತ್ತಿನಂತೆ ಮೂತಿ ಮನೆಯ ಕಡೆ, ಬೆನ್ನು ಓಣಿಯ ಬಾಯಿಯ ಕಡೆ. ಮಿಸ್ತ್ರಿಗೆ ಒಂದು ಸರಿಯಾದ ನಕ್ಷೆ ಬೇಕು ಎಂದು ನನಗನ್ನಿಸಿತು. ಮಿಸ್ತ್ರಿಗೆ ಹಾಗೇನೂ ಅನ್ನಿಸಿರಲಿಲ್ಲ. ಎದುರಿನ ಗೋಡೆಯ ಮೇಲೆ ಖಡೂದಿಂದ ಇಡೀ ಕಾರನ್ನು ಅದರ ಅಳತೆಯಲ್ಲೇ ಬಿಡಿಸಿದೆ. ಇಂಜಿನ್ನು, ಅದಕ್ಕೆ ಅಂಟಿದ ಗೇರ್ ಬಾಕ್ಸು, ಗಾಲಿಗೆ ಹೋಗುವ ದಂಡ, ಎಲ್ಲ. ಯಾವ ತುದಿ ಯಾವ ಕಡೆ ಎಂದು ಬಾಣದ ಗುರುತೂ ಹಾಕಿದೆ. ಓಣಿಯವರೆಲ್ಲ ಬಂದು ನೋಡಿದರು. ಒಬ್ಬಾಕೆ, "ಗಾಲಿ ಖರೇ ಇದ್ದಂಗ ಐತ್ರಿ" ಎಂದಳು. ನಾನು ಸಹಿ ಹಾಕಿದೆ.

ಜೀವಮಾನದಲ್ಲಿ ಮೊದಲ ಸಲ ಮಿಸ್ತ್ರಿ ನನ್ನ ಮಾತು ಕೇಳಿದ. ಗೋಡೆ ನೋಡಿ ನೋಡಿ, ಬೆರಳು ಹಿಡಿದು ಅಳೆದು, ಚಿತ್ರದಲ್ಲಿ ಇದ್ದ ಹಾಗೇ ಜೋಡಿಯನ್ನು ಕೂಡಿಸಿದ. ಗೇರಿನ ಹಿಡಿಕೆ ಮುಂದೆ, ಡಬ್ಬಿ ಹಿಂದೆ. ಆದ್ದರಿಂದ ನಡುವೆ ಕಬ್ಬಿಣದ ಸಲಾಕೆಗಳನ್ನು ಬೆಸೆದು ಹೊಸ ಜೋಡಣೆ ಮಾಡಿದ. ಯಾವ ಗೇರು ಎಲ್ಲಿ ಬೀಳುತ್ತದೆ ಎಂಬುದು ಅವನಿಗೂ ಗೊತ್ತಿರಲಿಲ್ಲ.

ಶುಕ್ರವಾರ ಸಂಜೆ ಹುಡುಗಿ ಒಳಗೆ ಕೂತಳು. ಓಣಿಯೆಲ್ಲ ಕಟ್ಟೆಯ ಮೇಲೆ. ಇಂಜಿನ್ನು ಗುರ್ರ್ ಎಂದಿತು. ಒಂದು ಗೇರು ಹಾಕಿದಳು, ಕಾರು ಮೂರು ವರ್ಷದ ಮೇಲೆ ಬಾಗಿಲಿನಿಂದ ಅಲ್ಲಾಡಿ, ಮೆಲ್ಲಗೆ ಹಿಂದಕ್ಕೆ ಹೊರಟಿತು.

"ರಿವರ್ಸ್ ಬಿತ್ತು! ಬರೋಬರಿ!" ಎಂದು ಮಿಸ್ತ್ರಿ ಕುಣಿದ. ಆ ಓಣಿಯಲ್ಲಿ ಹಿಂದಕ್ಕೆ ಬಾರದೆ ಎಲ್ಲಿ ಹೋಗಬೇಕು? ಯಾರಿಗೂ ಸಂಶಯ ಬರಲಿಲ್ಲ. ಅಕ್ಕ ಹೊಸ್ತಿಲಿಗೆ ಬಂದು ನೋಡಿ ಒಳಗೆ ಹೋದಳು.

ಮುಂದೆ ಹೋಗುವ ಗೇರನ್ನು ತಡಕಾಡಿ ತಡಕಾಡಿ ಒಂದು ಹುಡುಕಿದೆವು. ಅದರಲ್ಲಿ ಕಾರು ಏದುಸಿರು ಬಿಡುತ್ತ ಮದುವೆಯ ಮೆರವಣಿಗೆಯ ಹಾಗೆ ಸಾಗಿತು. "ಉಳಿದ ಮೂರು ಎಲ್ಲ್ಯಾವೋ?" ಎಂದೆ.

ಮಿಸ್ತ್ರಿ ಕೈ ಒರೆಸಿಕೊಳ್ಳುತ್ತ ಹೇಳಿದ: "ಒಳಗ ಅದಾವ್ರಿ, ಎಲ್ಲಿ ಹೋಗ್ತಾವ? ಆಡಿನಂಗ. ಹಸಿವಾದ್ರ ತಾವ ಬರ್ತಾವ."

ಕಾಲು ಮೈಲು

ಶನಿವಾರ ಮುಂಜಾನೆ ಕಾರನ್ನು ಲಾರಿಯ ಮೇಲೆ ಹೇರಿಕೊಂಡು ಮೈದಾನಕ್ಕೆ ಹೋದೆವು. ಅಕ್ಕ ರೊಟ್ಟಿ, ಝುಣಕದ ಡಬ್ಬಿ ಹಿಡಿದು ನಮಗಿಂತ ಮೊದಲೇ ಬಂದು, ಕಾಲು ಮೈಲಿನ ಗೆರೆಯ ಪಕ್ಕದ ಹಗ್ಗದ ಹಿಂದೆ ಕೊಡೆ ಬಿಚ್ಚಿ ನಿಂತಿದ್ದಳು. ಆಕೆಯ ಪಕ್ಕದಲ್ಲಿ ಗುಜರಿಯವನು. ಆಕೆ ಖರೇನೇ ಫೋನು ಮಾಡಿದ್ದಳು. ಅವನು ಶೇಂಗಾ ಸುಲಿಯುತ್ತ, ತೂಕದ ಅಂದಾಜು ಹಾಕುವವನ ಹಾಗೆ ದೂರದಿಂದಲೇ ನಮ್ಮ ಕಾರು ನೋಡುತ್ತಿದ್ದ.

ಬೆಲ್ಟು, ಹೆಲ್ಮೆಟ್ಟು, ಕಬ್ಬಿಣದ ಪಂಜರ, ಎಲ್ಲ ತಪಾಸಣೆ ಪಾಸಾಯಿತು. ಬದಿಯ ಜಾಗದಲ್ಲಿ ಹುಡುಗಿ ಒಂದು ಸಣ್ಣ ಪರೀಕ್ಷೆ ಓಟ ಮಾಡಿದಳು. ಮೆರವಣಿಗೆಯ ಗೇರಿನಲ್ಲಿ ಹತ್ತು ಮಾರು ಮುಂದೆ. ಬೇರೊಂದು ಗೇರು ಹಾಕಿದಳು, ಕಾರು ಹಿಂದಕ್ಕೆ. ಇನ್ನೊಂದು ಹಾಕಿದಳು, ಇನ್ನೂ ಜೋರಾಗಿ ಹಿಂದಕ್ಕೆ. ಮೂರನೆಯದು, ಮತ್ತೂ ಜೋರಾಗಿ. ನಾಲ್ಕನೆಯದರಲ್ಲಿ ಕಾರು ಹಿಂದಕ್ಕೆ ಬಾಣದ ಹಾಗೆ ಹೋಗಿ ಬ್ರೇಕು ಕಚ್ಚಿ ನಿಂತಿತು.

ಮಿಸ್ತ್ರಿ ಕಾರಿನಡಿ ಬಗ್ಗಿ ನೋಡಿ ಎದ್ದು ಬಂದ.

"ಮಾಸ್ತರ್ರ, ಗ್ವಾಡಿ ಮ್ಯಾಲಿನ ಕಾರಿನ ಮೂತಿ ಯಾ ಕಡೆ ಇತ್ರಿ?"

ಆಗ ಹೊಳೆಯಿತು. ಮೂವತ್ತೊಂದು ವರ್ಷ ನನ್ನ ಕಾರುಗಳೆಲ್ಲ ಬೋರ್ಡಿನ ಎಡಗಡೆ, ಕಿಟಕಿಯ ಕಡೆ ಮುಖ ಮಾಡಿಯೇ ನಿಂತಿದ್ದವು. ಕೈಗೆ ಅದೇ ರೂಢಿ. ಆ ಗೋಡೆಯ ಎಡಕ್ಕೆ ಓಣಿಯ ಬಾಯಿ. ಚಿತ್ರದ ಕಾರು ಓಣಿಯ ಬಾಯಿ ನೋಡುತ್ತಿತ್ತು, ಖರೇ ಕಾರು ಮನೆ ನೋಡುತ್ತಿತ್ತು. ಮಿಸ್ತ್ರಿ ಬಾಣ ನೋಡಿ ಇಡೀ ಜೋಡಿಯನ್ನು ಹಿಂದುಮುಂದಾಗಿ ಹೂಡಿದ್ದ. ಮುಂದಕ್ಕೆ ಹೋಗಬೇಕಾದ ನಾಲ್ಕೂ ಗೇರು ಈಗ ಹಿಂದಕ್ಕೆ, ಹಿಂದಕ್ಕೆ ಹೋಗಬೇಕಾದ ಒಂದು ಮುಂದಕ್ಕೆ.

"ನಿಮ್ಮ ಚಿತ್ರಕ್ಕ ಒಂದು ಬೆರಳು ಫರಕ್ ಇಲ್ರಿ" ಎಂದ ಮಿಸ್ತ್ರಿ, ಅಳುವ ದನಿಯಲ್ಲಿ. "ಒಂದ ಸಲ ನಿಮ್ಮ ಮಾತು ಕೇಳಿದೆ ನೋಡ್ರಿ. ಒಂದ ಸಲ!"

ಮೆರವಣಿಗೆಯ ಗೇರಿನಲ್ಲಿ ಹೋಗಲು ಬರುವಂತಿರಲಿಲ್ಲ. ಒಂದು ನಿಮಿಷದೊಳಗೆ ಗೆರೆ ಮುಟ್ಟದ ಗಾಡಿಯನ್ನು ಎಳೆದು ಹಾಕುವುದು ಅಲ್ಲಿನ ನಿಯಮ. ಬಿಚ್ಚಿ ತಿರುಗಿಸಿ ಕೂಡಿಸಲು ಎರಡು ದಿನ ಬೇಕು, ನಮಗಿದ್ದದ್ದು ಇಪ್ಪತ್ತು ನಿಮಿಷ. ದೂರದಲ್ಲಿ ಗುಜರಿಯವನು ಶೇಂಗಾದ ಸಿಪ್ಪೆ ಝಾಡಿಸಿ ಎದ್ದು ನಿಂತ. ಜೀವನದಲ್ಲಿ ಮೊದಲ ಸಲ ನನಗೆ ಕೂರಬೇಕು ಅನ್ನಿಸಿತು.

ಹುಡುಗಿ ಸ್ಟೀರಿಂಗ್ ಮೇಲೆ ಹಣೆಯಿಟ್ಟು ಕೂತಿದ್ದಳು. ಸ್ವಲ್ಪ ಹೊತ್ತಿಗೆ ತಲೆ ಎತ್ತಿದಳು.

"ಮಾಮಾ, ಅಪ್ಪಾ ನನಗ ಮೊದಲ ಏನು ಕಲಿಸಿದ್ದಾ?"

ನಾನು ಉತ್ತರ ಕೊಡುವ ಮೊದಲೇ ಆಕೆ ಕಾರನ್ನು ಸುತ್ತು ಹಾಕಿಸಿ, ಹೊರಡುವ ಗೆರೆಯ ಮೇಲೆ ಬೆನ್ನು ಮುಂದಾಗಿ ನಿಲ್ಲಿಸಿದ್ದಳು. ನಿಶಾನೆ ಹಿಡಿದವನು ಗಾಬರಿಯಿಂದ ಓಡಿ ಬಂದ.

"ಮೇಡಮ್, ಗಾಡಿ ಉಲ್ಟಾ ನಿಂತೈತ್ರಿ!"

"ಗಾಡಿ ಗೆರಿ ದಾಟಬೇಕು ಅಂತ ನಿಮ್ಮ ನಿಯಮದಾಗ ಐತ್ರಿ. ಯಾವ ತುದಿ ಮೊದಲ ದಾಟಬೇಕು ಅಂತ ಎಲ್ಲೆರ ಬರದೀರೇನು ತೋರಸ್ರಿ."

ಅವನು ಕಾಗದ ತಿರುವಿ ಹಾಕಿದ. ಇರಲಿಲ್ಲ. ಇನ್ನಿಬ್ಬರನ್ನು ಕರೆದ. ಅವರು ತಲೆ ಕೆರೆದುಕೊಂಡು, ಪಕ್ಕದಲ್ಲಿ ಬೇರೆ ಗಾಡಿ ಬಿಡುವುದಿಲ್ಲ, ರಸ್ತೆ ಪೂರಾ ಖಾಲಿ ಮಾಡಿಸಿ ಒಬ್ಬಳನ್ನೇ ಬಿಡುತ್ತೇವೆ, ಸ್ವಲ್ಪ ಡೌಟು ಬಂದರೂ ಬ್ರೇಕು ಹಾಕಬೇಕು ಎಂದು ಒಪ್ಪಿದರು. ಅಷ್ಟರಲ್ಲಿ ಮಿಸ್ತ್ರಿ ಕಾರಿನಡಿ ತೂರಿ ಎರಡು ವಯರು ಕೂಡಿಸಿ ಹೊರಬಂದ.

"ಏನೋ ಅದು?"

"ರಿವರ್ಸ್ ಹಾರ್ನ್‌ರಿ. ಹಿಂದಕ್ಕ ಹೋಗೂ ಗಾಡಿ ಸಪ್ಪಳಿಲ್ಲದ ಹೋಗಬಾರದು."

ನಿಶಾನೆ ಬಿತ್ತು. ಹುಡುಗಿ ಪಕ್ಕದ ಸೀಟಿನ ಮೇಲೆ ಕೈ ಚಾಚಿ, ಕತ್ತು ಹೊರಳಿಸಿ, ಥೇಟ್ ಭಾವನ ಹಾಗೆ ಹಿಂದೆ ನೋಡುತ್ತ ಕಾರು ಬಿಟ್ಟಳು. ಟಿಣಿಟಿಣಿ ರಾಗ ಸುರುವಾಯಿತು. ಮೊದಲು ಗಾಲಿ ಜಾರಿ ಕಾರು ಕುಡಿದವನ ಹಾಗೆ ಆ ಕಡೆ ಈ ಕಡೆ ವಾಲಿತು. ಇಂಜಿನ್ನು ಈಗ ಓಟಕ್ಕೆ ಮುಂದಾಗಿತ್ತಲ್ಲ, ವಿಜ್ಞಾನವೂ ಉಲ್ಟಾ. ಆಮೇಲೆ ನೆಟ್ಟಗಾಯಿತು. ಎರಡೂ ಬದಿಗೆ ಹಳೇ ಹುಬ್ಬಳ್ಳಿಯ ಗೋಡೆಗಳಿದ್ದಾವೇನೋ ಎಂಬಷ್ಟು ನೆಟ್ಟಗೆ. ಎರಡನೇ ಗೇರು, ಮೂರು, ನಾಲ್ಕು. ಮಿಸ್ತ್ರಿ ಒಂದು ಕೈಯಿಂದ ನನ್ನ ತೋಳು, ಇನ್ನೊಂದರಿಂದ ತನ್ನ ಟೊಪ್ಪಿಗೆ ಹಿಡಿದಿದ್ದ. ಕಾರು ಗೆರೆ ದಾಟಿತು, ದೂರ ಹೋಗಿ ನಿಂತು, ಹಗ್ಗದ ಪಕ್ಕಕ್ಕೆ ಸಾವಕಾಶ ಸರಿಯಿತು. ರಾಗ ಇನ್ನೂ ನಡೆದಿತ್ತು.

ನಾವು ಓಡಿ ಹೋಗುವಷ್ಟರಲ್ಲಿ ಅಕ್ಕ ಕೊಡೆ ಬಿಸಾಕಿ, ಹಗ್ಗ ದಾಟಿ, ಡಬ್ಬಿ ಹಿಡಿದು ಕಾರಿನತ್ತ ಓಡುತ್ತಿದ್ದಳು. ಆಕೆಯ ಕಾಲು ಆಕೆಯ ಮಾತು ಕೇಳಿರಲಿಲ್ಲ, ಆ ರಾಗದ ಮಾತು ಕೇಳಿದ್ದವು. ಕಿಟಕಿಯೊಳಗೆ ಡಬ್ಬಿ ಚಾಚಿ, "ಮರತ ಹೊಂಟಿದ್ದಿ" ಎಂದಳು. ಅಂದ ಮೇಲೆ ಎಲ್ಲಿದ್ದೇನೆಂದು ನೆನಪಾಗಿ ಸೆರಗಿನಿಂದ ಕಣ್ಣು ಒರೆಸಿ, ಗುಜರಿಯವನ ಕಡೆ ತಿರುಗಿದಳು.

"ನೀ ಹೋಗಪಾ. ಇದು ಮನಿಗೆ ಬರತೈತಿ."

ನಾವೆಲ್ಲ ಕೇಕೆ ಹಾಕಿ, ನಮ್ಮ ಸಮಯ ಎಷ್ಟಾಯಿತು ಎಂದು ಕೇಳಲು ಗಡಿಯಾರದವನ ಡೇರೆಗೆ ನುಗ್ಗಿದೆವು. ಅವನು ಸ್ಟಾಪ್‌ವಾಚು ಮೇಜಿನ ಮೇಲಿಟ್ಟು ನೆಮ್ಮದಿಯಿಂದ ಚಹಾ ಕುಡಿಯುತ್ತಿದ್ದ. ವಾಚಿನ ಮುಳ್ಳು ಸೊನ್ನೆಯ ಮೇಲಿತ್ತು.

"ಮೇಡಮ್ಮೋರು ಗಾಡಿ ಹಚ್ಚೂದು ಮುಗೀತೇನ್ರಿ?" ಎಂದು ಕೇಳಿದ. "ರಿವರ್ಸ್ ಹಾರ್ನ್ ಕೇಳಾಕತ್ತಿತ್ತು, ಸೈಡಿಗೆ ಹಚ್ಚಾಕತ್ತಾರ ಅಂತ ಸುಮ್ನ ಕುಂತಿದ್ದೆ. ಯಾವಾಗ ಬಿಡ್ತೀರಿ?"

ಹೀಗಾಗಿ ನಮಗೆ ಬಹುಮಾನ ಬರಲಿಲ್ಲ. ಕಾರು ಮಾತ್ರ ಅಕ್ಕನ ಬಾಗಿಲಿಗೆ ಬಂತು, ಇಂದಿಗೂ ಅಲ್ಲೇ ಇದೆ. ಜೋಡಿಯನ್ನು ತಿರುಗಿಸಿ ಕೂಡಿಸಲೇ ಎಂದು ಮಿಸ್ತ್ರಿ ಕೇಳಿದ್ದಕ್ಕೆ ಹುಡುಗಿ ಬೇಡವೆಂದಳು. ಹಿಂದಕ್ಕೇ ಬರಬೇಕಾದ ಓಣಿಯಿಂದ ನಾಲ್ಕು ಗೇರಿನಲ್ಲಿ ಹೊರಗೆ ಬರುವ ಗಾಡಿ ಹುಬ್ಬಳ್ಳಿ-ಧಾರವಾಡದಲ್ಲಿ ಇದೊಂದೇ. ಆ ಓಣಿಗೆಂದೇ ಇಂಜಿನ್ನು, ಗೇರ್ ಬಾಕ್ಸು ಆರಿಸಿದ ಪಂಡಿತ ನಾನು ಎಂದು ಅಲ್ಲಿ ನನ್ನ ಹೆಸರು ನಿಂತಿದೆ. ಗೋಡೆಯ ಚಿತ್ರವನ್ನೂ ಯಾರೂ ಅಳಿಸಿಲ್ಲ.

ರೊಟ್ಟಿ ಹಂಚಿನ ಆಣೆ ಮಾಡಿದ್ದೇನೆ, ಆದ್ದರಿಂದ ಹೇಳಿಬಿಡುತ್ತೇನೆ. ಒಂದು ಸಣ್ಣ ವಿವರವನ್ನು ಕಟ್ಟಿ ಹೇಳಿದೆ. ಕಾರಿಗೆ ಮುಂದಕ್ಕೆ ಹೋಗುವ ಗೇರು ಒಂದಿತ್ತು, ಏದುಸಿರು ಬಿಡುತ್ತ ಮೆರವಣಿಗೆಯ ಹಾಗೆ ಸಾಗುತ್ತಿತ್ತು ಎಂದೆನಲ್ಲ, ಅಂಥ ಗೇರು ಅದರೊಳಗೆ ಇರಲೇ ಇಲ್ಲ. ಅದರ ಹಲ್ಲು ಶಿರಗುಪ್ಪಿಯಲ್ಲೇ ಉದುರಿದ್ದವು. ಕಾರು ಮುಂದೆ ಸರಿದಲ್ಲೆಲ್ಲ ಹಿಂದೆ ನಿಂತು ಒಬ್ಬ ತಳ್ಳುತ್ತಿದ್ದ, ಈಗಲೂ ಸಂಜೆಗೊಮ್ಮೆ ಧಾರವಾಡದಿಂದ ಬಸ್ಸಿನಲ್ಲಿ ಬಂದು ಓಣಿಯೊಳಗೆ ತಳ್ಳಿ ಹೋಗುತ್ತಾನೆ.

ಆ ಮುಂದಿನ ಗೇರು ನಾನೇ.